ಪೊಲೀಸರ ಗುಂಡಿನ ಪಂದ್ಯ: ಹೊಡೆಯಬಾರದ ಗುರಿಯೇ ಮುಖ್ಯ

ಸಂಜೆ ಆರು ಗಂಟೆ. ಬಸ್ ಸ್ಟ್ಯಾಂಡು ಜೇನುಗೂಡಿನ ಹಾಗೆ ಗಿಜಿಗುಡುತ್ತಿದೆ. ಕಡ್ಲೆಕಾಯಿ ಮಾರುವವರು, ಊಟದ ಡಬ್ಬಿ ಹಿಡಿದ ಗುಮಾಸ್ತರು, ಕಾಲೇಜು ಹುಡುಗಿಯರು, ಸಂತೆ ಮುಗಿಸಿ ಹೊರಟ ಅಜ್ಜಿ. ಇಂಥ ಹೊತ್ತಿನಲ್ಲಿ ಒಬ್ಬ ಪಿಸ್ತೂಲು ಹಿಡಿದು ಓಡಿ ಬಂದ, ಅವನ ಹಿಂದೆಯೇ ಪೊಲೀಸಿನವರು ಬಂದರು ಅಂತ ಇಟ್ಟುಕೊಳ್ಳಿ. ಪೊಲೀಸಿನವರು ಗುಂಡು ಹಾರಿಸಬೇಕೇ, ಬೇಡವೇ? ಹಾರಿಸಿದ ಗುಂಡು ಯಾರಿಗೆ ಹೋಗಿ ತಾಗುತ್ತೆ? ಆ ಕೇಡಿಯ ಹಿಂದೆ ನಿಂತಿರುವವರು ಯಾರು ಸ್ವಾಮಿ? ನೀವೇ, ನಾನೇ!

ಇದು ಬರೀ ಕಲ್ಪನೆಯ ಮಾತಲ್ಲ. ನಮ್ಮಲ್ಲಿ ಅಲ್ಲ, ದೂರದ ನ್ಯೂಯಾರ್ಕಿನಲ್ಲಿ ಹೀಗೇ ಆಗಿದೆ. 2012ರ ಆಗಸ್ಟ್ 24, ಬೆಳಿಗ್ಗೆ ಒಂಬತ್ತರ ಸುಮಾರು. ಜನ ಕೆಲಸಕ್ಕೆ ಹೋಗುವ ಹೊತ್ತು. ಎಂಪೈರ್ ಸ್ಟೇಟ್ ಕಟ್ಟಡದ ಬುಡದಲ್ಲಿ ಒಬ್ಬ ತನ್ನ ಹಳೆಯ ಸಹೋದ್ಯೋಗಿಯನ್ನು ಗುಂಡಿಟ್ಟು ಕೊಂದು ಸುಮ್ಮನೆ ನಡೆದು ಹೊರಟ. ಸುಳಿವು ಸಿಕ್ಕ ಇಬ್ಬರು ಪೊಲೀಸರು ಹಿಂಬಾಲಿಸಿದರು. ಅವನು ತಿರುಗಿ ಪಿಸ್ತೂಲು ತೆಗೆದ. ಕೆಲವೇ ಅಡಿ ದೂರದಿಂದ ಪೊಲೀಸರಿಬ್ಬರೂ ಸೇರಿ 16 ಗುಂಡು ಹಾರಿಸಿದರು. ಕೊಲೆಗಾರ ಸತ್ತ. ಆದರೆ ಫುಟ್‌ಪಾತಿನಲ್ಲಿ ಹೋಗುತ್ತಿದ್ದ ಒಂಬತ್ತು ಮಂದಿ ಗಾಯಗೊಂಡರು. ಒಂಬತ್ತು ಮಂದಿಗೂ ತಾಗಿದ್ದು ಪೊಲೀಸರ ಗುಂಡು, ಇಲ್ಲವೇ ಅದರ ಚೂರು. ಪುಣ್ಯಕ್ಕೆ ಅವರಲ್ಲಿ ಯಾರೂ ಸಾಯಲಿಲ್ಲ.

ಆ ಇಬ್ಬರು ಪೊಲೀಸರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಯೋಚನೆ ಮಾಡಲು ಸಿಕ್ಕಿದ್ದು ಒಂದೆರಡು ಕ್ಷಣ. ಅಷ್ಟು ಹೊತ್ತಿನಲ್ಲಿ ಬುದ್ಧಿ ಓಡುವುದಿಲ್ಲ, ಅಭ್ಯಾಸ ಓಡುತ್ತೆ. ಹಾಗಾದರೆ ಅಭ್ಯಾಸ ಹೇಗಿರಬೇಕು? ಇಂದಿನ ವಿಷಯ ಅದೇ.

ನಿಂತ ಗುರಿ, ನಿಂತ ಪೊಲೀಸು

ಹಳೆಯ ಪದ್ಧತಿ ನಿಮಗೂ ಗೊತ್ತು. ಊರ ಹೊರಗೆ ಗುಡ್ಡದ ಬುಡ, ಎದುರಿಗೆ ಗುರಿಹಲಗೆ, ನಡುವೆ ಕಪ್ಪು ವೃತ್ತ. ಸಾಲಾಗಿ ನಿಲ್ಲು, ಸೀಟಿ ಊದಿದಾಗ ಹೊಡಿ, ರಿಜಿಸ್ಟರಿನಲ್ಲಿ ಅಂಕ ಬರೆಸಿ ಮನೆಗೆ ನಡಿ. ಕೊಡಗಿನ ಕೈಲ್ ಮುಹೂರ್ತದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಅದಕ್ಕೂ ಒಳ್ಳೆ ಕಣ್ಣು, ಗಟ್ಟಿ ಕೈ ಬೇಕು. ಇಲ್ಲ ಅನ್ನುವುದಿಲ್ಲ. ಆದರೆ ತೆಂಗಿನಕಾಯಿ ಓಡಿ ಹೋಗೋದಿಲ್ಲ, ತಿರುಗಿ ಗುಂಡು ಹಾರಿಸೋದಿಲ್ಲ, ಅದರ ಪಕ್ಕದಲ್ಲಿ ಮಗು ಎತ್ತಿಕೊಂಡ ತಾಯಿ ನಿಂತಿರೋದಿಲ್ಲ.

ಈ ಕೊರತೆ ತುಂಬಲು ಹುಟ್ಟಿದ್ದೇ ‘ಪ್ರಾಕ್ಟಿಕಲ್ ಶೂಟಿಂಗ್’ ಎಂಬ ಪಂದ್ಯ. ಇಲ್ಲಿ ಪೊಲೀಸು ನಡೆಯಬೇಕು, ಬಗ್ಗಬೇಕು, ಗೋಡೆಯ ಮರೆಯಿಂದ ಇಣುಕಬೇಕು, ಗುಂಡು ಮುಗಿದರೆ ತಾನೇ ತುಂಬಿಕೊಳ್ಳಬೇಕು. ಎದುರಿಗೆ ಒಂದಲ್ಲ, ಹತ್ತಾರು ಗುರಿ. ಅವುಗಳ ನಡುವೆ ಕೆಲವು ಹೊಡೆಯಬಾರದ ಹಲಗೆಗಳು. ಅವೇ ಸಾರ್ವಜನಿಕರು ಅಂತ ಲೆಕ್ಕ.

ಇದರ ಬೇರು ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1950ರ ದಶಕದಲ್ಲಿ ಜೆಫ್ ಕೂಪರ್ ಎಂಬ ಮಾಜಿ ಸೈನ್ಯಾಧಿಕಾರಿ ಬಿಗ್ ಬೇರ್ ಎಂಬಲ್ಲಿ ಪಿಸ್ತೂಲು ಪಂದ್ಯ ನಡೆಸಲು ಶುರು ಮಾಡಿದರು. ಆ ಕಾಲಕ್ಕೆ ಎಲ್ಲರದೂ ಸಿನಿಮಾ ಶೈಲಿ. ಸೊಂಟದ ಮಟ್ಟದಿಂದ, ಒಂದೇ ಕೈಯಲ್ಲಿ ಪಟಪಟ ಹೊಡೆಯೋದು. ಬಹಳಷ್ಟು ಗುಂಡು ಗಾಳಿಗೇ ಹೋಗೋದು. 1959ರಲ್ಲಿ ಜ್ಯಾಕ್ ವೀವರ್ ಎಂಬ ಲಾಸ್ ಏಂಜಲೀಸ್ ಜಿಲ್ಲೆಯ ಪೊಲೀಸು ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿ ನೋಡಿ ಹೊಡೆದರು. ಉಳಿದವರಿಗಿಂತ ಒಂದು ಚೂರು ತಡವಾಯಿತು, ಆದರೆ ಗುಂಡು ತಾಗಿತು, ಪಂದ್ಯ ಗೆದ್ದರು. ಅವರು ಹಿಡಿದ ರೀತಿಯನ್ನು ಆಮೇಲೆ ಅಮೆರಿಕದ ಪೊಲೀಸ್ ಪಡೆಗಳು ಒಂದೊಂದಾಗಿ ಕಲಿತವು. ಎಫ್.ಬಿ.ಐ. ಕೂಡ 1982ರಲ್ಲಿ ಅದನ್ನು ಒಪ್ಪಿಕೊಂಡಿತು. ಪಂದ್ಯ ಅಂದರೆ ಬರೀ ಕಪ್ಪು, ಶೀಲ್ಡು ಅಲ್ಲ. ಒಬ್ಬನ ಒಳ್ಳೆ ಅಭ್ಯಾಸ ಹತ್ತು ಜನರ ಕಣ್ಣಿಗೆ ಬೀಳುವ ಜಾಗ ಅದು. ಕೂಪರ್ ಮತ್ತು ಸಂಗಡಿಗರು 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಸೇರಿ ಈ ಆಟಕ್ಕೆ ಐ.ಪಿ.ಎಸ್.ಸಿ. ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದರು.

ನಾಲ್ವರ ಪ್ರಾಣ ಕಲಿಸಿದ ಪಾಠ

ಪೊಲೀಸರಿಗೇ ಮೀಸಲಾದ ಪಂದ್ಯವೂ ಅಲ್ಲಿ ಬೇರೆಯಾಗಿ ಬೆಳೆಯಿತು. 1962ರಿಂದ ರಾಷ್ಟ್ರಮಟ್ಟದ ಪೊಲೀಸ್ ಚಾಂಪಿಯನ್‌ಷಿಪ್ ಇದೆ. ಅದರ ದೊಡ್ಡ ಪಂದ್ಯದಲ್ಲಿ ಒಬ್ಬೊಬ್ಬರಿಗೆ 150 ಗುಂಡು, ಗುಂಡಿಗೆ ಹತ್ತರಂತೆ 1500 ಅಂಕ. ಏಳು ಗಜದಿಂದ ಐವತ್ತು ಗಜದವರೆಗೆ ನಿಂತು, ಮಂಡಿಯೂರಿ, ಮಲಗಿ, ತಡೆಯ ಮರೆಯಿಂದ, ಎಡಗೈಯಲ್ಲೂ ಹೊಡೆಯಬೇಕು.

ಚೆನ್ನಾಗಿಯೇ ಇತ್ತು. ಆದರೆ ಬರಬರುತ್ತಾ ಏನಾಯಿತು? ಗೆಲ್ಲುವ ಹಠಕ್ಕೆ ಕೆಲವರು ದಪ್ಪ ನಳಿಗೆಯ ವಿಶೇಷ ರಿವಾಲ್ವರ್ ಮಾಡಿಸಿಕೊಂಡರು, ಒದೆಯದ ಹಗುರ ತೋಟಾ ತಂದರು. ಡ್ಯೂಟಿಗೆ ಒಂದು ಆಯುಧ, ಪಂದ್ಯಕ್ಕೆ ಇನ್ನೊಂದು. ಕೊನೆಗೆ ಡ್ಯೂಟಿಯ ಆಯುಧದಲ್ಲೇ ಆಡಬೇಕು ಅಂತ ಬೇರೆ ವಿಭಾಗವನ್ನೇ ತೆರೆಯಬೇಕಾಯಿತು.

ಅಭ್ಯಾಸ ಒಂದು, ಕೆಲಸ ಇನ್ನೊಂದು ಆದರೆ ಏನಾಗುತ್ತೆ ಅನ್ನೋದಕ್ಕೆ ಅಲ್ಲಿನವರು ಇವತ್ತಿಗೂ ನ್ಯೂಹಾಲ್ ಹೆಸರು ಹೇಳುತ್ತಾರೆ. 1970ರ ಏಪ್ರಿಲ್ 5ರ ನಡುರಾತ್ರಿ, ಕ್ಯಾಲಿಫೋರ್ನಿಯಾದ ನ್ಯೂಹಾಲಿನಲ್ಲಿ ಹೆದ್ದಾರಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ಐದು ನಿಮಿಷದ ಒಳಗೆ ನಾಲ್ವರು ತರುಣ ಪೊಲೀಸರು ಹೆಣವಾದರು. ಯಾರಿಗೂ ಎರಡು ವರ್ಷದ ಸರ್ವೀಸೂ ಆಗಿರಲಿಲ್ಲ. ಮೈದಾನದಲ್ಲಿ ಅವರು ಹಗುರ ತೋಟಾ ಹೊಡೆದು ಕಲಿತವರು, ರಸ್ತೆಯಲ್ಲಿ ಹೆಚ್ಚು ಬಲದ ತೋಟಾ ಒಯ್ಯುತ್ತಿದ್ದವರೂ ಇದ್ದರು. ಒಬ್ಬ ಪೊಲೀಸಿನ ಜೇಬಿನಲ್ಲಿ ಖಾಲಿ ತೋಟಾ ಸಿಕ್ಕವು, ಮೈದಾನದಲ್ಲಿ ಆರಿಸಿಟ್ಟುಕೊಳ್ಳುವ ಅಭ್ಯಾಸ ಸಾವಿನ ಹೊತ್ತಲ್ಲೂ ಬಿಡಲಿಲ್ಲ ಅಂತ ಒಂದು ಕಥೆ ವರ್ಷಗಟ್ಟಲೆ ಓಡಾಡಿತು. ಆಮೇಲೆ ದಾಖಲೆ ತಿರುವಿ ನೋಡಿದರೆ ಖಾಲಿ ತೋಟಾ ನೆಲದ ಮೇಲೇ ಬಿದ್ದಿದ್ದವು. ಕಥೆ ಸುಳ್ಳು. ಆದರೆ ಆ ಘಟನೆ ತರಬೇತಿಯನ್ನು ಬದಲಿಸಿತು ಅನ್ನೋದು ಸುಳ್ಳಲ್ಲ. ಅಭ್ಯಾಸಕ್ಕೂ ಡ್ಯೂಟಿಗೂ ಒಂದೇ ತೋಟಾ ಎಂಬ ನಿಯಮ, ರಿವಾಲ್ವರಿಗೆ ಆರೂ ಗುಂಡು ಒಟ್ಟಿಗೆ ತುಂಬುವ ಸಾಧನ, ಇವೆಲ್ಲ ಅಲ್ಲಿ ಬಂದದ್ದು ಅದಾದ ಮೇಲೆಯೇ.

ಪಂದ್ಯ ನಡೆಸೋದು ಮದುವೆ ಮನೆ ಕೆಲಸ

ಒಂದು ಪಂದ್ಯ ನಡೆಸಲು ಏನೇನು ಬೇಕು? ಮೊದಲು ಜಾಗ. ಗುಂಡು ತಡೆಯುವ ಎತ್ತರದ ಮಣ್ಣಿನ ದಿಬ್ಬ ಎದುರಿಗೂ ಎರಡು ಪಕ್ಕಕ್ಕೂ ಇರಬೇಕು. ಕೆಂಪು ಬಾವುಟ, ಕಾವಲು, ಆಂಬುಲೆನ್ಸ್, ಡಾಕ್ಟರು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ನೋಡುವವರಿಗೂ ಸೇರಿಸಿ. ಉಕ್ಕಿನ ತಟ್ಟೆ ಗುರಿಯಾಗಿಟ್ಟರೆ ಪಿಸ್ತೂಲು ಹೊಡೆಯುವವರು ಕನಿಷ್ಠ 7 ಮೀಟರ್ ದೂರ ಇರಬೇಕು, ಚೂರು ಸಿಡಿಯುತ್ತೆ.

ಆಮೇಲೆ ಪ್ರತಿಯೊಂದು ಸುತ್ತಿನ ವಿವರ ಬರಹದಲ್ಲಿರಬೇಕು. ಎಲ್ಲಿಂದ ಶುರು, ಎಷ್ಟು ಗುರಿ, ಯಾವುದು ಹೊಡೆಯಬಾರದ್ದು ಅಂತ ಎಲ್ಲರಿಗೂ ಒಂದೇ ಮಾತು ಓದಿ ಹೇಳಬೇಕು. ಪರಿಚಯದವನಿಗೆ ಒಂದು, ಪಕ್ಕದ ಠಾಣೆಯವನಿಗೆ ಒಂದು ಆಗಕೂಡದು.

ಆಟಗಾರನ ಹಿಂದೆಯೇ ಒಬ್ಬ ರೇಂಜ್ ಅಧಿಕಾರಿ ನಡೆಯುತ್ತಾನೆ. ಅವನ ಕೈಯಲ್ಲಿ ಟೈಮರು. ‘ಸ್ಟ್ಯಾಂಡ್ ಬೈ’ ಅಂದ ಮೇಲೆ ಒಂದರಿಂದ ನಾಲ್ಕು ಸೆಕೆಂಡಿನ ಒಳಗೆ ಅದು ಕೂಗುತ್ತೆ. ಗುಂಡಿನ ಸದ್ದು ಕೇಳಿ ಕೊನೆಯ ಗುಂಡಿನವರೆಗೆ ಸೆಕೆಂಡಿನ ನೂರರ ಒಂದು ಭಾಗದ ತನಕ ಸಮಯ ಹಿಡಿಯುತ್ತೆ. ಅಧಿಕಾರಿಯ ಕಣ್ಣು ಮಾತ್ರ ಗುರಿಯ ಮೇಲಲ್ಲ, ಪಿಸ್ತೂಲಿನ ಮೇಲೆ. ನಳಿಗೆ ಹಿಂದಕ್ಕೆ ತಿರುಗಿತೋ, ಪಿಸ್ತೂಲು ಕೈಜಾರಿ ಬಿತ್ತೋ, ಆಟ ಅಲ್ಲಿಗೇ ಮುಗಿಯಿತು, ಮನೆಗೆ ನಡೀರಿ. ಅಲ್ಲಿ ಹೆಗಲ ಮೇಲಿನ ಪಟ್ಟಿ ನೋಡುವಂತಿಲ್ಲ. ಕಾನ್‌ಸ್ಟೆಬಲ್ ರೇಂಜ್ ಅಧಿಕಾರಿಯಾಗಿ ನಿಂತರೆ, ತಪ್ಪು ಮಾಡಿದ ದೊಡ್ಡ ಸಾಹೇಬರನ್ನೂ ‘ಸಾಕು ಸಾರ್, ಪಿಸ್ತೂಲು ಖಾಲಿ ಮಾಡಿ’ ಅಂತ ನಿಲ್ಲಿಸಬೇಕು. ಈ ಧೈರ್ಯ ಕೊಡದ ಇಲಾಖೆ ಪಂದ್ಯ ಇಡದಿರುವುದೇ ವಾಸಿ.

ಹೊತ್ತಿನ ಲೆಕ್ಕವೂ ಇದೆ. ಹೊಡೆಯಲು ಇಪ್ಪತ್ತು ಸೆಕೆಂಡು ಸಾಕು. ಆದರೆ ಪಿಸ್ತೂಲು ಖಾಲಿ ಎಂದು ತೋರಿಸಿ, ತೂತು ಎಣಿಸಿ, ಅಂಕ ಬರೆದು, ತೂತಿಗೆ ಕಾಗದ ಅಂಟಿಸುವಷ್ಟರಲ್ಲಿ ನಾಲ್ಕು ನಿಮಿಷ ಅಂತ ಹಿಡಿಯಿರಿ. ನೂರು ಜನಕ್ಕೆ 400 ನಿಮಿಷ, ಅಂದರೆ ಆರೂವರೆ ಗಂಟೆಗೂ ಮೇಲೆ, ಒಂದೇ ಸುತ್ತಿಗೆ! ಅದಕ್ಕೇ ಗುಂಪು ಮಾಡಿ, ಮೂರ್ನಾಲ್ಕು ಅಂಕಣದಲ್ಲಿ ಒಟ್ಟಿಗೆ ನಡೆಸೋದು.

ಹತ್ತು ಅಂಕದ ಪ್ರಾಣ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕೇ? ಆದರೂ ಇದನ್ನು ನೋಡಿ. ಐ.ಪಿ.ಎಸ್.ಸಿ. ಪದ್ಧತಿಯಲ್ಲಿ ನಡುವಿಗೆ ತಾಗಿದರೆ 5 ಅಂಕ. ಸಾಧಾರಣ ತೋಟಾಗೆ ಅದರ ಸುತ್ತ 3, ಅಂಚಿಗೆ 1. ತಪ್ಪಿದರೆ 10 ಕಡಿತ. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸಬೇಕು.

ಎಂಟು ಗುರಿ, ಗುರಿಗೆರಡು ಗುಂಡು, ಒಟ್ಟು 80 ಅಂಕ ಅನ್ನಿ. ಮೊದಲನೆಯವರು ನಿಧಾನ. 20 ಸೆಕೆಂಡಿನಲ್ಲಿ 76 ಅಂಕ, ಭಾಗಿಸಿದರೆ 3.80. ಎರಡನೆಯವರು ಚುರುಕು. 16 ಸೆಕೆಂಡಿನಲ್ಲಿ 70, ಬಂತು 4.37. ಗೆದ್ದರು ಅಂತ ಚಪ್ಪಾಳೆ ತಟ್ಟುವಷ್ಟರಲ್ಲಿ ಹೊಡೆಯಬಾರದ ಹಲಗೆಯಲ್ಲಿ ಒಂದು ತೂತು ಕಂಡಿತು. ಅವಸರದಲ್ಲಿ ಹೆಚ್ಚಿಗೆ ಹಾರಿದ ಗುಂಡು. ಹತ್ತು ಕಳೆಯಿತು, 60 ಭಾಗ 16, ಉಳಿದದ್ದು 3.75. ಸೋತರು.

ಸೋತದ್ದು ಸರಿ. ಆದರೆ ಎಷ್ಟರಲ್ಲಿ ಸೋತರು? ಕೂದಲೆಳೆಯಲ್ಲಿ! ಇನ್ನರ್ಧ ಸೆಕೆಂಡು ಚುರುಕಾಗಿದ್ದರೆ, ದಾರಿಹೋಕನಿಗೆ ಗುಂಡು ಹೊಡೆದೂ ಕಪ್ಪು ಎತ್ತಿಕೊಂಡು ಹೋಗುತ್ತಿದ್ದರು. 1996ರಲ್ಲಿ ಹುಟ್ಟಿದ ಐ.ಡಿ.ಪಿ.ಎ. ಎಂಬ ಇನ್ನೊಂದು ಸಂಸ್ಥೆಯ ಪದ್ಧತಿಯಲ್ಲಿ ಇದೇ ತಪ್ಪಿಗೆ ಐದು ಸೆಕೆಂಡು ದಂಡ. ಆಟಗಾರರ ಪಂದ್ಯಕ್ಕೆ ಇದೆಲ್ಲ ಸಾಕು. ಪೊಲೀಸರ ಪಂದ್ಯಕ್ಕೆ ಸಾಕೇ? ಸಾಲದು ಅನ್ನೋದು ಈ ಅಂಕಣದ ಅಭಿಪ್ರಾಯ. ಪೊಲೀಸರು ತಮ್ಮೊಳಗೆ ನಡೆಸುವ ಪಂದ್ಯದಲ್ಲಿ ಇಂಥ ಒಂದು ತೂತಿಗೆ ಆ ಇಡೀ ಸುತ್ತಿಗೆ ಸೊನ್ನೆ ಹಾಕಲಿ. ನಿಯಮ ಬರೆಯುವವರ ಪೆನ್ನಿನಲ್ಲೇ ಅದಿದೆ. ಯಾವುದಕ್ಕೆ ಅಂಕವೋ ಅದನ್ನೇ ಮನುಷ್ಯ ಕಲಿಯೋದು. ವೇಗಕ್ಕೆ ಮಾತ್ರ ಅಂಕ ಕೊಟ್ಟರೆ ವೇಗ ಕಲಿತಾರೆ, ತಡೆದುಕೊಂಡದ್ದಕ್ಕೆ ಅಂಕ ಕೊಟ್ಟರೆ ತಡೆದುಕೊಳ್ಳೋದನ್ನು ಕಲಿತಾರೆ.

ಇನ್ನೂ ಒಂದು. ಪಂದ್ಯದಲ್ಲಿ ಗುರಿ ಎಲ್ಲಿದೆ ಅಂತ ಮೊದಲೇ ನಡೆದು ನೋಡಿರುತ್ತಾರೆ. ಬೀದಿಯಲ್ಲಿ ಯಾರು ತೋರಿಸ್ತಾರೆ? ಆದ್ದರಿಂದ ಒಂದು ಸುತ್ತನ್ನಾದರೂ ಮೊದಲೇ ತೋರಿಸದೆ ಇಡಬೇಕು. ಅದರಲ್ಲಿ ಕೆಲವು ಸಲ ಒಂದೂ ಗುಂಡು ಹಾರಿಸದೆ ನಿಲ್ಲುವುದೇ ಸರಿಯುತ್ತರ ಆಗಿರಬೇಕು. ಎಫ್.ಬಿ.ಐ. 1987ರಲ್ಲಿ ಕ್ವಾಂಟಿಕೊದಲ್ಲಿ ಬ್ಯಾಂಕು, ಅಂಚೆ ಕಚೇರಿ ಸಮೇತ ಒಂದು ಸುಳ್ಳು ಊರನ್ನೇ ಕಟ್ಟಿ, ಬಾಡಿಗೆ ನಟರನ್ನು ಓಡಾಡಿಸಿ ತರಬೇತಿ ಕೊಡುತ್ತಾ ಬಂದದ್ದು ಈ ಕಾರಣಕ್ಕೇ.

ನಮ್ಮ ಜಿಲ್ಲೆಗೆ ಇದು ಬೇಕೇ?

‘ಅಮೆರಿಕದಲ್ಲಿ ಮನೆಮನೆಗೆ ಬಂದೂಕು, ನಮಗ್ಯಾಕ್ರೀ ಇದೆಲ್ಲ?’ ಅಂತ ಕೇಳುವವರಿದ್ದಾರೆ. ನಮ್ಮ ಪೊಲೀಸಿನವರು ಗುಂಡು ಹಾರಿಸುವ ಪ್ರಸಂಗ ಅಪರೂಪ, ಅಪರೂಪವಾಗಿಯೇ ಇರಲಿ. ಆದರೆ ಅಪರೂಪದ ಕೆಲಸಕ್ಕೇ ಅಭ್ಯಾಸ ಹೆಚ್ಚು ಬೇಕಾದದ್ದು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಸಿ.ಎಸ್.ಟಿ. ರೈಲು ನಿಲ್ದಾಣದಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತಿದ್ದ ಪ್ರಯಾಣಿಕರ ಮೇಲೆ ಇಬ್ಬರು ಗುಂಡಿನ ಮಳೆ ಸುರಿಸಿದಾಗ ಎದುರು ನಿಂತವರು ಹಳೆಯ .303 ಬಂದೂಕು, ಲಾಠಿ ಹಿಡಿದ ಸಾಮಾನ್ಯ ಪೊಲೀಸರೇ.

ಖರ್ಚಿನ ಮಾತು ಬರುತ್ತೆ. ಅಮೆರಿಕದ 1500 ಅಂಕದ ಪಂದ್ಯವನ್ನು ನೂರು ಜನಕ್ಕೆ ಇಟ್ಟರೆ 15,000 ಗುಂಡು ಬೇಕು. ಅದು ಬೇಡ. ಹದಿನಾರು ಗುಂಡಿನ ಮೂರು ಸುತ್ತು ಇಟ್ಟರೆ 4,800ಕ್ಕೆ ಮುಗಿಯುತ್ತೆ. ಪಿಸ್ತೂಲು ತೆಗೆಯೋದು, ಗುರಿ ಹಿಡಿಯೋದು, ಬೆರಳು ಟ್ರಿಗರಿನಿಂದ ಆಚೆ ಇಡೋದು, ಇದನ್ನೆಲ್ಲ ಖಾಲಿ ಪಿಸ್ತೂಲಿನಲ್ಲೇ ಕಲಿಸಬಹುದು. ಅದಕ್ಕೆ ಗುಂಡಿನ ಖರ್ಚಿಲ್ಲ. ಪೊಲೀಸ್ ಕ್ರೀಡಾಕೂಟದಲ್ಲಿ ಓಟ, ಕಬಡ್ಡಿ, ಹಗ್ಗಜಗ್ಗಾಟಕ್ಕೆ ಜಾಗವಿದೆ. ಅದರ ಜೊತೆಗೆ ಡ್ಯೂಟಿಯ ಪಿಸ್ತೂಲು, ಡ್ಯೂಟಿಯ ಬೆಲ್ಟು, ಡ್ಯೂಟಿಯ ತೋಟಾದಲ್ಲೇ ಆಡುವ ಇಂಥದೊಂದು ಪಂದ್ಯವೂ ಇರಲಿ. ಬಹುಮಾನ ಎರಡಿಡಲಿ. ಒಂದು ಗೆದ್ದವರಿಗೆ. ಇನ್ನೊಂದು, ಹೊಡೆಯಬಾರದ ಹಲಗೆಗೆ ಒಂದು ತೂತೂ ಮಾಡದೆ ಎಲ್ಲ ಸುತ್ತು ಮುಗಿಸಿದ ಠಾಣೆಗೆ.

ಆ ಎರಡನೆಯ ಕಪ್ಪಿಗೆ ಚಂದಾ ಕೊಡಿ ಅಂತ ಯಾರಾದರೂ ಬಂದರೆ, ಪೇಟೆಯವರು ಹಿಂದೆಮುಂದೆ ನೋಡಬೇಡಿ. ಆ ಹಲಗೆ ಬರೀ ರಟ್ಟಲ್ಲ. ಅದು ಬಸ್ಸಿಗೆ ಕಾಯುತ್ತಾ ನಿಂತ ನೀವು.