ಕುದಿಸಿದರೆ ಕೆಡುವ ಮದ್ದು

ಜ್ವರ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಒಲೆಯೇರುವುದು ಕಷಾಯ. ಗಿಡಮೂಲಿಕೆಯನ್ನು ಕುದಿಸಲೇಬೇಕೆಂದು ನೀವೂ ನಂಬಿರಬಹುದು. ಚೀನಾದ ವಿಜ್ಞಾನಿ ತು ಯೂಯೂ ಅವರನ್ನು ಕಾಡಿದ್ದು ಈ ಕುದಿಸುವಿಕೆಯೇ.

1960ರ ದಶಕದಲ್ಲಿ ಮಲೇರಿಯಾ ರೋಗಾಣುಗಳು ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗದಾದವು. ವಿಯೆಟ್ನಾಂ ಯುದ್ಧದ ಸೈನಿಕರು ಜ್ವರದಿಂದ ನರಳುತ್ತಿದ್ದರು. 1967ರಲ್ಲಿ ಚೀನಾ ಸರ್ಕಾರ ಗುಟ್ಟಾಗಿ ಹೊಸ ಔಷಧದ ಶೋಧ ಆರಂಭಿಸಿತು. 1969ರಲ್ಲಿ ಅದನ್ನು ಸೇರಿದ ತು, ಹಳೆಯ ವೈದ್ಯಗ್ರಂಥಗಳನ್ನು ಜಾಲಾಡಿದರು. ಚಿಂಗ್‌ಹಾವ್ ಎಂಬ ಗಿಡದ ಸಾರ ಇಲಿಗಳಲ್ಲಿ ಒಮ್ಮೆ ಫಲ ಕೊಟ್ಟರೆ ಮತ್ತೊಮ್ಮೆ ಇಲ್ಲ. ಗಿಡವನ್ನೇ ಕೈಬಿಡಬಹುದಿತ್ತು. ತು ಮತ್ತೆ ಪುಸ್ತಕ ತೆರೆದರು. ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂದು 4ನೇ ಶತಮಾನದ ಗೆ ಹೊಂಗ್ ಬರೆದಿದ್ದ. ಒಲೆಯ ಮಾತೇ ಇಲ್ಲ! ಹಾಗಾದರೆ ಬಿಸಿಗೆ ಮದ್ದಿನ ಅಂಶ ನಾಶವಾಗುತ್ತಿತ್ತೆ?

ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆವಿಯಾಗಿ ಹೋಗುವ ಈಥರ್‌ನಿಂದ ಅವರು ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೆಯ ಮಾದರಿ ಇಲಿಗಳ ರಕ್ತದಲ್ಲಿದ್ದ ರೋಗಾಣುಗಳನ್ನು ಪೂರ್ತಿ ಅಳಿಸಿತು.

ಇಲಿಗೆ ಒಗ್ಗಿದ್ದು ಮನುಷ್ಯರಿಗೆ ಒಗ್ಗೀತೆ? ಕೆಲವು ಪ್ರಾಣಿಗಳಲ್ಲಿ ವಿಷದ ಶಂಕೆಯೂ ಕಂಡಿತ್ತು. ಮಲೇರಿಯಾ ಹಬ್ಬುವ ಋತು ಕಳೆದುಹೋಗುವ ಮುನ್ನ ಉತ್ತರ ಬೇಕಿತ್ತು. 1972ರಲ್ಲಿ ತು ಮತ್ತು ಇಬ್ಬರು ಸಹೋದ್ಯೋಗಿಗಳು ಆಸ್ಪತ್ರೆ ಸೇರಿ ತಾವೇ ಅದನ್ನು ಸೇವಿಸಿದರು. (ನೀವು ಇದನ್ನು ಖಂಡಿತ ಅನುಕರಿಸಬೇಡಿ!) ಅಪಾಯವಾಗಲಿಲ್ಲ. ಬಳಿಕ ಹೈನಾನ್ ದ್ವೀಪದ 21 ರೋಗಿಗಳಿಗೆ ಕೊಟ್ಟಾಗ ಜ್ವರ ಇಳಿಯಿತು.

ಆ ಸಾರದಲ್ಲಿದ್ದ ವಸ್ತುವೇ ಆರ್ಟಿಮಿಸಿನಿನ್. ತು ಅವರಿಗೆ 2015ರಲ್ಲಿ ನೊಬೆಲ್ ಬಂತು. ರೋಗಾಣುಗಳು ಇದಕ್ಕೂ ಬಗ್ಗದಂತಾಗದಿರಲಿ ಎಂದು ಇಂದು ಈ ವರ್ಗದ ಮಾತ್ರೆಯನ್ನು ಇನ್ನೊಂದು ಔಷಧದ ಜೊತೆಗೇ ಕೊಡುತ್ತಾರೆ.