ಸೈಕಲ್, ಟೆಂಟ್, ಕುದುರೆಮುಖ: ಮಕ್ಕಳೊಂದಿಗೆ ಹೊರಡುವವರಿಗೆ

ಮಳೆ ಬಿಟ್ಟ ಬೆಳಗ್ಗೆ ನಂದಿಕೂರಿನ ಪದವಿನ ಮೇಲೆ ನಿಂತು ಮೂಡಕ್ಕೆ ನೋಡಿದರೆ ಘಟ್ಟದ ನೀಲಿ ಗೆರೆ ಕಾಣುತ್ತದೆ. "ಅಮ್ಮಾ, ಅಲ್ಲಿಗೆ ಸೈಕಲ್ಲಲ್ಲಿ ಹೋಗ್ಲಿಕ್ಕೆ ಆಗ್ತದಾ?" ಎಂದು ಮಗ ಕೇಳಿದಾಗ ಅವನಿಗೆ ಹತ್ತು ವರ್ಷ. ನಾವು ಹೊರಟದ್ದು ಅವನಿಗೆ ಹನ್ನೆರಡು ತುಂಬಿದ ಮೇಲೆ. ಹೋಗಿ ಬಂದಂದಿನಿಂದ ನೆರೆಕರೆಯವರು ಕೇಳುತ್ತಲೇ ಇದ್ದಾರೆ. ಎಷ್ಟು ಖರ್ಚಾಯಿತು, ರಾತ್ರಿ ಎಲ್ಲಿ ಮಲಗಿದಿರಿ, ಹೆದರಿಕೆ ಆಗಲಿಲ್ಲವಾ? ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಸೈಕಲ್ ಟೂರಿಂಗ್ ಎಂದರೆ ಬಟ್ಟೆಬರೆ, ಮಲಗುವ ಸಾಮಾನು ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡು ಊರಿಂದೂರಿಗೆ ತುಳಿಯುತ್ತ ಹೋಗುವುದು. ಇದು ರೇಸ್ ಅಲ್ಲ. ಮಗು ದಣಿದರೆ ಆ ದಿನದ ದಾರಿ ಅಲ್ಲಿಗೇ ಮುಗಿಯಿತು ಎಂದು ಮನಸ್ಸಿನಲ್ಲೇ ಒಪ್ಪಿಕೊಂಡು ಹೊರಡಬೇಕು. ಅದಕ್ಕೆ ನಿಮ್ಮ ಲೆಕ್ಕದಲ್ಲಿ ಒಂದು ದಿನ ಹೆಚ್ಚೇ ಇರಲಿ.

ಮೊದಲು ಸೈಕಲ್ ವಿಷಯ. ನಾನು ಮೊದಲು ಮಾಡಿದ ತಪ್ಪು ಮಗನಿಗೆ ಗೇರ್ ಇಲ್ಲದ ಸೈಕಲ್ ಕೊಟ್ಟದ್ದು. ಬೆಳ್ಮಣ್ಣಿನ ಏರಿನಲ್ಲಿ ಅವನು ಅರ್ಧ ದಾರಿ ಸೈಕಲ್ ದೂಡಿಕೊಂಡೇ ಬಂದ. ಗೇರ್ ಮಾಡುವ ಕೆಲಸ ಸರಳ. ಪೆಡಲಿನ ಹತ್ತಿರದ ಹಲ್ಲುಚಕ್ರದಲ್ಲಿ 42 ಹಲ್ಲು, ಹಿಂದಿನದರಲ್ಲಿ 14 ಹಲ್ಲು ಇದ್ದರೆ ನೀವು ಒಮ್ಮೆ ತುಳಿದಾಗ ಹಿಂದಿನ ಗಾಲಿ ಮೂರು ಸುತ್ತು ತಿರುಗುತ್ತದೆ. 24 ಇಂಚಿನ ಗಾಲಿಯಾದರೆ ಒಂದು ತುಳಿತಕ್ಕೆ ಐದೂವರೆ ಮೀಟರಿಗಿಂತ ಹೆಚ್ಚು ದೂರ. ಮಟ್ಟಸ ರಸ್ತೆಗೆ ಇದು ಒಳ್ಳೆಯದು. ಅದೇ ಎರಡೂ ಕಡೆ 32 ಹಲ್ಲು ಇಟ್ಟರೆ ಒಂದು ತುಳಿತಕ್ಕೆ ಎರಡು ಮೀಟರೂ ಸಾಗುವುದಿಲ್ಲ. ಆದರೆ ಕಾಲಿಗೆ ಬೀಳುವ ಭಾರ ಮೂರನೇ ಒಂದು ಪಾಲಾಗುತ್ತದೆ. ಏರು ಬರುವ ಮೊದಲೇ ಗೇರ್ ಇಳಿಸಲು ಮಗುವಿಗೆ ಕಲಿಸಿ. ಏರಿನ ನಡುವೆ ಬಲವಾಗಿ ತುಳಿಯುತ್ತ ಗೇರ್ ಬದಲಿಸಿದರೆ ಚೈನು ಕಳಚುತ್ತದೆ.

ಬ್ರೇಕಿಗೂ ಪಾಠ ಬೇಕು. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದೇ ಇರಬಾರದು, ಬಿಟ್ಟು ಬಿಟ್ಟು ಹಿಡಿಯಬೇಕು. ಒತ್ತಿಯೇ ಇದ್ದರೆ ರಿಮ್ಮು ಕಾದು ರಬ್ಬರಿನ ಹಿಡಿತ ಕಡಿಮೆಯಾಗುತ್ತದೆ.

ಸಾಮಾನನ್ನು ಬೆನ್ನಿಗೆ ಹಾಕಿಕೊಳ್ಳಬೇಡಿ, ಬೆವರಿ ಸಾಕಾಗುತ್ತದೆ. ಕ್ಯಾರಿಯರಿನ ಎರಡೂ ಬದಿಗೆ ಇಳಿಬಿಡುವ ಚೀಲಗಳು ಸಿಗುತ್ತವೆ, ಅವಕ್ಕೆ ಪ್ಯಾನಿಯರ್ ಎನ್ನುತ್ತಾರೆ. ಎರಡೂ ಬದಿಯ ಭಾರ ಸಮ ಇರಲಿ, ಭಾರದ ವಸ್ತು ತಳದಲ್ಲಿರಲಿ. ಮಗುವಿನ ಸೈಕಲ್ಲಿಗೆ ಅವನದೇ ನೀರಿನ ಬಾಟಲಿ, ಒಂದು ಜೊತೆ ಬಟ್ಟೆ, ಮಳೆಕೋಟು ಸಾಕು. ಅಷ್ಟಾದರೂ ಅವನೇ ಹೊರಬೇಕು, ಅದರಲ್ಲಿ ಅವನಿಗೊಂದು ಹೆಮ್ಮೆ ಉಂಟು.

ಅಭ್ಯಾಸಕ್ಕೆ ನಾಲ್ಕು ಭಾನುವಾರ ಇಟ್ಟುಕೊಳ್ಳಿ. ಮೊದಲ ವಾರ ಪಡುಬಿದ್ರಿಯ ಕಡಲ ಕಿನಾರೆಯವರೆಗೆ. ಎರಡನೇ ವಾರ ಎರ್ಮಾಳು, ಉಚ್ಚಿಲದ ಕಡಲ ಬದಿಯ ಒಳದಾರಿಯಲ್ಲಿ ಕಾಪುವಿನ ದೀಪಸ್ತಂಭಕ್ಕೆ. 1901ರ ಆ ದೀಪಸ್ತಂಭದ ಬುಡದ ಬಂಡೆಯ ಮೇಲೆ ಕುಳಿತು ಮನೆಯಿಂದ ಕಟ್ಟಿ ತಂದ ಬನ್ಸ್ ತಿನ್ನುವ ಸುಖಕ್ಕೇ ಮಗ ಮುಂದಿನ ಭಾನುವಾರ ತಾನಾಗಿ ಎದ್ದ. ಮೂರನೇ ವಾರ ಬೆಳ್ಮಣ್ಣು. ನಾಲ್ಕನೆಯದಕ್ಕೆ ಪೂರ್ತಿ ಸಾಮಾನು ಕಟ್ಟಿಕೊಂಡು ಹೋಗಿ, ರಾತ್ರಿ ನಿಮ್ಮದೇ ಅಂಗಳದಲ್ಲಿ ಟೆಂಟ್ ಹೂಡಿ ಮಲಗಿ. ಮರೆತ ಸಾಮಾನು ಯಾವುದೆಂದು ಆ ರಾತ್ರಿ ಗೊತ್ತಾಗುತ್ತದೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಗುವನ್ನು ಓಡಿಸಲೇಬೇಡಿ, ದಾಟುವಾಗಲೂ ಇಳಿದು ದೂಡಿಕೊಂಡು ದಾಟಿ. ಪಡುಬಿದ್ರಿ–ಕಾರ್ಕಳ ರಸ್ತೆಯಲ್ಲೂ ಬಸ್ಸುಗಳ ವೇಗ ನಮಗೆಲ್ಲ ಗೊತ್ತಿದ್ದದ್ದೇ. ಬೆಳಗ್ಗೆ ಬೆಳಕು ಹರಿಯುವಾಗ ಹೊರಟು ಹತ್ತು ಗಂಟೆಯೊಳಗೆ ಆ ದಿನದ ಹೆಚ್ಚಿನ ದಾರಿ ಮುಗಿಸಿ. ದೊಡ್ಡವರು ಒಬ್ಬರೇ ಇದ್ದರೆ ಮಗು ಮುಂದೆ ಹೋಗಲಿ, ನೀವು ಅದರ ಹಿಂದೆ ತುಸು ಬಲಕ್ಕೆ ಇರಿ. ಹಿಂದಿನಿಂದ ಬರುವ ವಾಹನಕ್ಕೆ ಮೊದಲು ನೀವು ಕಾಣಬೇಕು. ದಾರಿಯಲ್ಲಿ ಸಿಗುವ ಅಡ್ವೆಯಲ್ಲಿ ಕಂಬಳ ಇರುವ ದಿನ ಕಾರ್ಕಳ ರಸ್ತೆ ಬೇಡ.

ಹೊರಡಲು ನವೆಂಬರ್ ಕೊನೆಯಿಂದ ಜನವರಿಯವರೆಗೆ ಒಳ್ಳೆಯ ಕಾಲ. ಅದಕ್ಕೆ ಮೊದಲು ಸಂಜೆಯ ಗುಡುಗು ಸಿಡಿಲಿನ ಭಯ ಇರುತ್ತದೆ, ಘಟ್ಟದಲ್ಲಿ ಉಂಬಳಗಳೂ ಇರುತ್ತವೆ. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಡ್ಗಿಚ್ಚಿನ ಕಾಲ ಶುರು, ಆಗ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು.

ಮೊದಲ ದಿನ ನಂದಿಕೂರಿನಿಂದ ಬೆಳ್ಮಣ್ಣು, ನಿಟ್ಟೆ ದಾಟಿ ಕಾರ್ಕಳ, ಸುಮಾರು 25 ಕಿ.ಮೀ. ಅಲ್ಲಿ ಗೊಮ್ಮಟ ಬೆಟ್ಟವನ್ನು ಬಿಡಬೇಡಿ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ, ಎದುರಿಗೆ 1586ರ ಚತುರ್ಮುಖ ಬಸದಿ. ಚಪ್ಪಲಿ ಬಿಟ್ಟು ಹತ್ತಬೇಕಾದ್ದರಿಂದ ಮಧ್ಯಾಹ್ನ ಹೋದರೆ ಬಂಡೆ ಕಾಲು ಸುಡುತ್ತದೆ. ಸಂಜೆ ನಾಲ್ಕರ ನಂತರ ಹತ್ತಿ. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಈ ಬೆಟ್ಟವೇ ನಿಮ್ಮ ಪರ್ವತಾರೋಹಣ ಆಗಲಿ, ಮರುದಿನ ಊರಿಗೆ ಮರಳಿ. ಅದೂ ಪೂರ್ತಿ ಪ್ರವಾಸವೇ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಕಾಡಿನಲ್ಲಿ ಟೆಂಟ್ ಹೂಡಬಹುದೇ? ಹೂಡಬಾರದು. ಕೆಲವು ವಿದೇಶಗಳಲ್ಲಿ ಬೇಕಾದ ಕಡೆ ಡೇರೆ ಹಾಕಿ ಮಲಗುವ ಪದ್ಧತಿ ಉಂಟು. ನಮ್ಮ ಘಟ್ಟದ ಕಾಡುಗಳಲ್ಲಿ ಹೆಚ್ಚಿನವು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಇಲ್ಲವೇ ಮೀಸಲು ಅರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಉದ್ಯಾನ, ಅಭಯಾರಣ್ಯಗಳ ಒಳಗೆ ಹೋಗುವುದಕ್ಕೇ ಅನುಮತಿ ಬೇಕು. ಮೊದಲು ನನಗೂ ಬೇಸರವಾಯಿತು. ಆದರೆ ಕಾಟಿ ಓಡಾಡುವ ಕಡೆ ಮಗುವನ್ನು ಮಲಗಿಸುವುದಕ್ಕಿಂತ ಯಾರದಾದರೂ ಅಂಗಳದಲ್ಲಿ ಕೇಳಿ ಮಲಗುವುದೇ ನಮ್ಮ ಸೀಮೆಗೆ ಹೊಂದುವ ಕ್ರಮ ಎಂದು ಈಗ ನಂಬಿದ್ದೇನೆ. ಬಜಗೋಳಿಯ ಹತ್ತಿರ ಪರಿಚಯದವರ ಅಂಗಳದಲ್ಲಿ ನಾವು ಟೆಂಟ್ ಹೂಡಿದಾಗ ಮನೆಯ ಅಜ್ಜಿ, "ಒಳಗೆ ಜಾಗ ಉಂಟಲ್ಲ ಮಗಾ, ಹೊರಗೆ ಯಾಕೆ?" ಎಂದು ಮೂರು ಸಲ ಬಂದು ಕೇಳಿದರು. ನಾಲ್ಕನೇ ಸಲ ಪುನರ್ಪುಳಿ ಸಾರು ತಂದರು.

ಕತ್ತಲಾಗುವ ಎರಡು ಗಂಟೆ ಮೊದಲೇ ಜಾಗ ಕೇಳಿ. ಪರಿಚಯದ ಮನೆ, ಹೋಂಸ್ಟೇ, ಶಾಲೆಯ ಅಂಗಳ ಎಲ್ಲವೂ ಆದೀತು. ಶಾಲೆಯಾದರೆ ಮುಖ್ಯೋಪಾಧ್ಯಾಯರ ಅನುಮತಿ ಬೇಕು. ಎಣೆಲು ಬೆಳೆ ಕೊಯ್ದು ಒಣಗಿದ ಗದ್ದೆಯೂ ಒಳ್ಳೆಯದೇ, ಯಜಮಾನರನ್ನು ಕೇಳಿ ಹೂಡಿ. ತೆಂಗಿನ ಮರದ ಅಡಿ ಮಾತ್ರ ಬೇಡ, ರಾತ್ರಿ ಕಾಯಿ ಬಿದ್ದರೆ ಟೆಂಟಿನ ಬಟ್ಟೆ ತಡೆಯುವುದಿಲ್ಲ. ನಾಗಬನ, ದೈವದ ಸಾನದ ಹತ್ತಿರವೂ ಬೇಡ.

ಟೆಂಟಿಗೆ ಎರಡು ಪದರ. ಒಳಗಿನದು ಸೊಳ್ಳೆಬಲೆಯಂಥದ್ದು, ಹೊರಗಿನದು ನೀರು ತಡೆಯುವ ಬಟ್ಟೆ. ಕರಾವಳಿಯ ತೇವದಲ್ಲಿ ಪೂರ್ತಿ ಮುಚ್ಚಿ ಮಲಗಿದರೆ ನಮ್ಮ ಉಸಿರೇ ಬಟ್ಟೆಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. "ಟೆಂಟ್ ಸೋರ್ತದೆ" ಎಂದು ಹಲವರು ಹೇಳುವುದು ಇದನ್ನೇ. ಹೊರಪದರದ ಕಿಟಕಿ ತುಸು ತೆರೆದಿಡಿ. ಮುರಕಲ್ಲಿನ ನೆಲಕ್ಕೆ ಟೆಂಟಿನ ಗೂಟ ಇಳಿಯುವುದಿಲ್ಲ. ನಾಲ್ಕು ಹಗ್ಗ ಒಯ್ಯಿರಿ, ಮೂಲೆಗಳನ್ನು ಕಲ್ಲಿಗೆ ಕಟ್ಟಿ. ಕಾಡಿನಲ್ಲಿ, ಹುಲ್ಲಿನಲ್ಲಿ ಬೆಂಕಿ ಹಾಕಲೇಬಾರದು. ಅವಲಕ್ಕಿ, ಬೆಲ್ಲ, ಕಾಯಿತುರಿ ಇದ್ದರೆ ಒಲೆಯೇ ಬೇಡ.

ಎರಡನೇ ದಿನ ಕಾರ್ಕಳದಿಂದ ಬಜಗೋಳಿ, ಸುಮಾರು ಹತ್ತು ಕಿ.ಮೀ. ಮುಂದೆ ಮಾಳ, ಅಲ್ಲಿಂದ ಘಟ್ಟ. ಮಗುವಿನೊಡನೆ ಘಟ್ಟವನ್ನು ಸೈಕಲ್ಲಿನಲ್ಲಿ ಹತ್ತಬೇಡಿ ಎಂದೇ ನನ್ನ ಸಲಹೆ. ತಿರುವುಗಳಲ್ಲಿ ಬದಿಗೆ ಸರಿಯಲು ಜಾಗ ಇಲ್ಲ, ಮೇಲಾಗಿ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುತ್ತದೆ. ನಾವು ಸೈಕಲ್‌ಗಳನ್ನು ಬಜಗೋಳಿಯ ಆ ಮನೆಯಲ್ಲೇ ಬಿಟ್ಟು ಕಳಸದ ಬಸ್ಸು ಹತ್ತಿದೆವು. ಮೇಲೆ ಎಸ್.ಕೆ. ಬಾರ್ಡರ್ ಎಂಬ ಜಾಗ ಬರುತ್ತದೆ. ಸೌತ್ ಕೆನರಾ, ಅಂದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ. ಮಗನಿಗೆ ಆ ಹೆಸರಿನ ಗುಟ್ಟು ಬಹಳ ಹಿಡಿಸಿತು.

ಕುದುರೆಮುಖ ಶಿಖರ ಸುಮಾರು 1,890 ಮೀಟರ್ ಎತ್ತರ. ಚಾರಣ ಶುರುವಾಗುವುದು ಕಳಸದ ಕಡೆಯ ಮುಳ್ಳೋಡಿಯಿಂದ. ಬಾಳೆಗಲ್ಲಿನಿಂದ ಅಲ್ಲಿಗೆ ಜೀಪು ಸಿಗುತ್ತದೆ. ಹೋಗಿ ಬರಲು 18ರಿಂದ 20 ಕಿ.ಮೀ. ನಡಿಗೆ, ಪೂರ್ತಿ ಒಂದು ದಿನ. ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯಲೇಬೇಕು, ಮೇಲೆ ತಂಗುವಂತಿಲ್ಲ. ಹನ್ನೆರಡರ ಒಳಗಿನ ಮಕ್ಕಳಿಗೆ ಇದು ಹೆಚ್ಚಾಯಿತು. ದಾರಿಯಲ್ಲಿ ಸಿಗುವ ಒಂಟಿಮರ ಎಂಬ ಜಾಗದವರೆಗೆ ಹೋಗಿ ಮಗುವಿನ ಮುಖ ನೋಡಿ. ಸುಸ್ತು ಕಂಡರೆ ಅಲ್ಲಿಂದಲೇ ತಿರುಗಿ.

ಈ ಚಾರಣಕ್ಕೆ ಅನುಮತಿ ಮೊದಲೇ ಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಮ್ಮೆಲೇ ಸಾವಿರಾರು ಮಂದಿ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ದಿನ ಆರಿಸಿ, ಗುರುತಿನ ಚೀಟಿಯ ವಿವರ ಕೊಟ್ಟು ಹಣ ಕಟ್ಟಬೇಕು. ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿಯುತ್ತದೆ. ಟಿಕೆಟ್ ಸಿಕ್ಕ ದಿನ ನೋಡಿ ಆಮೇಲೆ ಸೈಕಲ್ ದಿನಗಳನ್ನು ಹೊಂದಿಸಿ. ಜೊತೆಗೆ ಗೈಡ್ ಬೇಕು, ಅದು ಒಳ್ಳೆಯದೇ. ಏನಾದರೂ ಸಂಶಯವಿದ್ದರೆ ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ನಮ್ಮ ಕಾರ್ಕಳದಲ್ಲೇ ಉಂಟು.

ಖರ್ಚಿನ ಅಂದಾಜು ಹೇಳುತ್ತೇನೆ. ಗೇರ್ ಸೈಕಲ್ ಹೊಸದಾದರೆ 10,000ದಿಂದ 20,000 ರೂಪಾಯಿ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳ ಹತ್ತಿರ ಹಳೆಯದು ಅರ್ಧ ಬೆಲೆಗೂ ಸಿಕ್ಕೀತು. ಚೈನು, ಬ್ರೇಕ್ ನೋಡಿ ಕೊಳ್ಳಿ. ಇಬ್ಬರು ಮಲಗುವ ಟೆಂಟಿಗೆ 2,000ದಿಂದ 4,000. ಹೆಲ್ಮೆಟ್ ಒಂದಕ್ಕೆ 1,000ದ ಆಸುಪಾಸು, ಇದರಲ್ಲಿ ಉಳಿತಾಯ ಮಾಡಬೇಡಿ. ಪಂಕ್ಚರ್ ಸಾಮಾನು, ಒಂದು ಹೆಚ್ಚಿನ ಟ್ಯೂಬು, ಸಣ್ಣ ಪಂಪು ಸೇರಿ 1,000ದೊಳಗೆ. ಇವೆಲ್ಲ ಉಡುಪಿ, ಮಂಗಳೂರಿನ ಸೈಕಲ್ ಮತ್ತು ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ.

ಇನ್ನು ಆರೋಗ್ಯ. ಉಂಬಳಕ್ಕೆ ಉಪ್ಪು, ಸುಣ್ಣ ಸಾಕು. ಅದರಿಂದ ಅಪಾಯ ಇಲ್ಲ. ಭಯ ಪಡಬೇಕಾದ್ದು ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. ಚಳಿಗಾಲದಿಂದ ಬೇಸಗೆಯವರೆಗೆ ಇದರ ಕಾಟ ಹೆಚ್ಚು. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚುವ ಡೆಪಾ ಎಂಬ ತೈಲವನ್ನು ಆರೋಗ್ಯ ಇಲಾಖೆ ಕಾಯಿಲೆ ಇರುವ ಕಡೆ ಹಂಚುತ್ತದೆ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿ, ಪ್ಯಾಂಟಿನ ಕೆಳತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ. ಇಳಿದು ಬಂದ ಸಂಜೆಯೇ ಬಿಸಿನೀರಿನ ಸ್ನಾನ ಮಾಡಿಸಿ, ಮಗುವಿನ ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಹಿಂಬದಿ ನೋಡಿ. ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ "ಕಾಡಿಗೆ ಹೋಗಿ ಬಂದಿದ್ದೆವು" ಎಂದು ನೀವಾಗಿಯೇ ಹೇಳಿ.