ವಿದೇಶದಲ್ಲಿ ಉದ್ಯೋಗದಲ್ಲಿರುವವರು ಅನ್ಯ ದೇಶದ ಪ್ರವಾಸ ವೀಸಾ ಪಡೆಯುವ ಕ್ರಮ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದ ನಿವಾಸಿಯೊಬ್ಬರು ದುಬೈನಲ್ಲಿ ಉದ್ಯೋಗದಲ್ಲಿದ್ದು, ಅಲ್ಲಿಂದ ಜರ್ಮನಿ ಅಥವಾ ಫ್ರಾನ್ಸ್ ದೇಶಕ್ಕೆ ಪ್ರವಾಸ ಕೈಗೊಳ್ಳಲು ಇಚ್ಛಿಸಿದಲ್ಲಿ, ವೀಸಾಗಾಗಿ ಊರಿಗೆ ಮರಳುವ ಅಗತ್ಯವಿರುವುದಿಲ್ಲ. ಷೆಂಗೆನ್ ಒಕ್ಕೂಟದ 29 ದೇಶಗಳ ನಿಯಮದನ್ವಯ ಅರ್ಜಿದಾರರು ತಾವು ಕಾನೂನುಬದ್ಧವಾಗಿ ವಾಸಿಸುತ್ತಿರುವ ದೇಶದಲ್ಲಿಯೇ ಅರ್ಜಿ ಸಲ್ಲಿಸತಕ್ಕದ್ದು.

ಅರ್ಜಿ ಸಲ್ಲಿಸುವ ಅವಧಿ ಮತ್ತು ಶುಲ್ಕ

ಪ್ರಯಾಣಕ್ಕೆ 6 ತಿಂಗಳಿಗಿಂತ ಮುಂಚಿತವಾಗಿ ಅಥವಾ 15 ದಿನಗಳಿಗಿಂತ ತಡವಾಗಿ ಅರ್ಜಿ ಸಲ್ಲಿಸುವಂತಿಲ್ಲ. ವಯಸ್ಕರಿಗೆ ಶುಲ್ಕವು 2024ರ ಜೂನ್ 11ರಿಂದ 90 ಯೂರೋ ಆಗಿರುತ್ತದೆ. ವೀಸಾ ನಿರಾಕರಿಸಲ್ಪಟ್ಟರೂ ಶುಲ್ಕವನ್ನು ಹಿಂತಿರುಗಿಸಲಾಗುವುದಿಲ್ಲ.

ಅಗತ್ಯ ದಾಖಲೆಗಳು

1. ಕಳೆದ 10 ವರ್ಷಗಳೊಳಗೆ ನೀಡಲಾದ, ಹಿಂದಿರುಗುವ ದಿನಾಂಕದ ನಂತರ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರುವ, 2 ಖಾಲಿ ಪುಟಗಳುಳ್ಳ ಪಾಸ್‌ಪೋರ್ಟ್.
2. ಉದ್ಯೋಗದ ದೇಶಕ್ಕೆ ಮರಳಲು ಅವಕಾಶವಿರುವ ನಿವಾಸ ಪರವಾನಗಿ.
3. ಉದ್ಯೋಗದಾತರ ಪತ್ರ ಹಾಗೂ ಬ್ಯಾಂಕ್ ವಿವರ.
4. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ.

ಹೆಸರಿನ ಬಗ್ಗೆ ಎಚ್ಚರಿಕೆ

ನಮ್ಮ ಗ್ರಾಮಗಳಲ್ಲಿ ಇನಿಷಿಯಲ್‌ನೊಂದಿಗೆ ಒಂದೇ ಹೆಸರು ಬಳಸುವುದು ರೂಢಿ. ಇದರಿಂದ ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಅಂಕಣ ಖಾಲಿ ಉಳಿಯುವ ಸಂಭವವಿದೆ. ಒಂದೇ ಹೆಸರುಳ್ಳ ಪಾಸ್‌ಪೋರ್ಟ್‌ನಲ್ಲಿ ಭೇಟಿ ವೀಸಾ ಮೇಲೆ ಬರುವವರಿಗೆ ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್‌ನಲ್ಲಿ ನಿರ್ಬಂಧ ವಿಧಿಸಿತು. ಆದ್ದರಿಂದ ಪಾಸ್‌ಪೋರ್ಟ್, ನಿವಾಸ ಪರವಾನಗಿ ಹಾಗೂ ಟಿಕೆಟ್‌ನಲ್ಲಿ ಹೆಸರು ಒಂದೇ ರೀತಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳುವುದು. ತಿದ್ದುಪಡಿ ಬೇಕಾದಲ್ಲಿ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ಗೆ ಅರ್ಜಿ ಸಲ್ಲಿಸಬಹುದು. ರಜೆಯಲ್ಲಿ ಊರಿಗೆ ಬಂದವರು ಮೈಸೂರಿನಲ್ಲಿ 2017ರ ಜನವರಿಯಲ್ಲಿ ಆರಂಭವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದ ಸೌಲಭ್ಯ ಪಡೆಯಬಹುದು.

ನಿರ್ಗಮನಕ್ಕೆ ಮುನ್ನ

ವೀಸಾ ದೊರೆತ ಮಾತ್ರಕ್ಕೆ ಪ್ರಯಾಣ ಸಾಧ್ಯವೆಂದು ಭಾವಿಸಬಾರದು. ಸೌದಿ ಅರೇಬಿಯಾದಲ್ಲಿ ನಿರ್ಗಮನ–ಮರುಪ್ರವೇಶ ವೀಸಾ ಅಗತ್ಯ. ಕುವೈತ್‌ನಲ್ಲಿ ಖಾಸಗಿ ವಲಯದ ವಿದೇಶಿ ನೌಕರರು 2025ರ ಜುಲೈ 1ರಿಂದ ನಿರ್ಗಮನ ಅನುಮತಿ ಪಡೆಯತಕ್ಕದ್ದು. ಇದಿಲ್ಲದೆ ತೆರಳಲು ಯತ್ನಿಸಿದವರು ವಿಮಾನ ನಿಲ್ದಾಣದಲ್ಲಿಯೇ ತಡೆಯಲ್ಪಡುವ ಹಾಗೂ ಉದ್ಯೋಗಕ್ಕೂ ಧಕ್ಕೆ ತಂದುಕೊಳ್ಳುವ ಸಂಭವವಿರುತ್ತದೆ.

ಪಾಸ್‌ಪೋರ್ಟ್ ಉದ್ಯೋಗದಾತರ ವಶದಲ್ಲಿದ್ದರೆ

ಪಾಸ್‌ಪೋರ್ಟ್ ಕಾಯ್ದೆ, 1967ರನ್ವಯ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಹಿಂತಿರುಗಿಸಲು ಉದ್ಯೋಗದಾತರು ನಿರಾಕರಿಸಿದಲ್ಲಿ ಭಾರತೀಯ ರಾಯಭಾರ ಕಚೇರಿಗೆ ಅಥವಾ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದ ಮೂಲಕ ದೂರು ನೀಡಬಹುದು. ಊರಿನಲ್ಲಿರುವ ಕುಟುಂಬದವರೂ ಈ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಪ್ರವಾಸ ವೀಸಾದಡಿ ಉದ್ಯೋಗ ಮಾಡಲು ಅವಕಾಶವಿರುವುದಿಲ್ಲ. ಅರ್ಜಿದಾರರು ಮಧ್ಯವರ್ತಿಗಳ ಭರವಸೆಗೆ ಒಳಗಾಗದೆ ಸಂಬಂಧಪಟ್ಟ ರಾಯಭಾರ ಕಚೇರಿಯಿಂದಲೇ ನಿಯಮಗಳನ್ನು ತಿಳಿದುಕೊಳ್ಳುವುದು.